ಇಳಿದು ನೋಡು: ಸಣ್ಣ ಹಾನಿಗೂ ಹೊಣೆ ಹೊರುವುದು

ಬೈಬಲ್ ತೆರೆಯಿರಿ, ವಿಮೋಚನಕಾಂಡ 22ನೇ ಅಧ್ಯಾಯ, 5 ಮತ್ತು 6ನೇ ವಚನ. ಈ ಎರಡು ವಚನಗಳನ್ನ ಇವತ್ತು ಟ್ರೇಲರ್ ಡ್ರೈವರ್‌ಗಳ ಕೆಲಸ ಇಟ್ಟುಕೊಂಡು ಧ್ಯಾನ ಮಾಡೋಣ. ವೈಟ್‌ಫೀಲ್ಡ್ ಕಂಟೇನರ್ ಡಿಪೋ, ಹೊಸಕೋಟೆ, ನೆಲಮಂಗಲದ ಗೋಡೌನ್‌ಗಳ ಕಡೆ ಹೋದವರು ಇವರನ್ನ ನೋಡೇ ಇರ್ತೀರಿ.

ನಲವತ್ತು ಅಡಿ ಕಂಟೇನರ್ ಅಂದ್ರೆ ಸುಮಾರು 12 ಮೀಟರ್ ಉದ್ದ. ಅದನ್ನ ರಿವರ್ಸ್ ಹಾಕೋದು ಕಾರು ರಿವರ್ಸ್ ಹಾಕಿದ ಹಾಗಲ್ಲ. ಟ್ರೇಲರ್ ಹಿಂಭಾಗ ಎಡಕ್ಕೆ ಹೋಗಬೇಕಾದ್ರೆ ಮೊದಲು ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ಗಾಡಿ ಮಧ್ಯದಲ್ಲಿ ಮಡಚಿಕೊಂಡಾಗ ಒಂದು ಕನ್ನಡಿಯಲ್ಲಿ ಕಂಟೇನರ್ ಗೋಡೆ ಮಾತ್ರ ಕಾಣುತ್ತೆ, ಇನ್ನೊಂದರಲ್ಲಿ ಹಿಂದಿನ ಮೂಲೆಯೇ ಕಾಣೋದಿಲ್ಲ. ನಮ್ಮ ದೇಶದಲ್ಲಿ ಡ್ರೈವರ್ ಬಲಗಡೆ ಕೂರ್ತಾನೆ, ಹಾಗಾಗಿ ಎಡಗಡೆ ಅವನಿಗೆ ಕುರುಡು ಪಕ್ಕ. ಹಿಂದೆ ನಿಂತು "ಬರ್ಲಿ, ಬರ್ಲಿ" ಅನ್ನೋ ಕ್ಲೀನರ್ ಮಾತೇ ಅವನ ಕಣ್ಣು. ಗೇಟಿನ ಕಂಬಕ್ಕೆ ಮೂಲೆ ತಾಗಿದ್ರೂ, ನಿಂತಿದ್ದ ಕಾರಿನ ಲೈಟು ಒಡೆದ್ರೂ, ಅಷ್ಟು ಭಾರದ ಗಾಡಿಯಲ್ಲಿ ಕೂತವನಿಗೆ ಒಂದೊಂದು ಸಲ ಗೊತ್ತೇ ಆಗೋದಿಲ್ಲ.

ಗೊತ್ತಾದ ಮೇಲೆ? ಅಲ್ಲಿ ಶುರುವಾಗುತ್ತೆ ಪರೀಕ್ಷೆ. ರಾತ್ರಿ ಎರಡು ಗಂಟೆ. ಯಾರೂ ನೋಡಿಲ್ಲ. ಫಸ್ಟ್ ಗೇರ್ ಹಾಕಿ ಹೊರಟು ಹೋಗಬಹುದು.

ಈಗ ವಚನ ನೋಡಿ. ಒಬ್ಬನ ದನ ಇನ್ನೊಬ್ಬನ ಹೊಲದಲ್ಲಿ ಮೇದರೆ, ದನದವನು ತನ್ನ ಹೊಲದ ಉತ್ತಮವಾದ ಬೆಳೆಯಿಂದಲೇ ತುಂಬಿಕೊಡಬೇಕು. ಒಬ್ಬ ಹಚ್ಚಿದ ಬೆಂಕಿ ಮುಳ್ಳುಗಿಡಗಳಿಗೆ ತಗಲಿ ಪಕ್ಕದವನ ಸಿವುಡುಗಳನ್ನ ಸುಟ್ಟರೆ, ಬೆಂಕಿ ಹಚ್ಚಿದವನೇ ನಷ್ಟ ಕಟ್ಟಬೇಕು. ಅವನು ಬೇಕು ಅಂತ ಸುಟ್ಟನಾ? ಮೋಶೆಯ ಧರ್ಮಶಾಸ್ತ್ರ ಇಲ್ಲಿ ಆ ಪ್ರಶ್ನೆಯನ್ನೇ ಕೇಳೋದಿಲ್ಲ. ಬೆಂಕಿ ನಿನ್ನದು, ನಷ್ಟ ಅವನದು, ಆದ್ದರಿಂದ ತುಂಬಿಕೊಡು. ಅಷ್ಟೇ.

ಅದರ ಹಿಂದಿನ 4ನೇ ವಚನವನ್ನೂ ಗಮನಿಸಿ. ಕಳ್ಳನ ಹತ್ತಿರ ಕದ್ದ ಪಶು ಜೀವಂತ ಸಿಕ್ಕಿದರೆ ಅವನು ಎರಡರಷ್ಟು ಕೊಡಬೇಕು. ಬೆಂಕಿ ಹಚ್ಚಿದವನಿಗೆ ಎರಡರಷ್ಟು ಅಂತ ಹೇಳಿಲ್ಲ, ಆದ ನಷ್ಟ ಮಾತ್ರ. ಇದು ದೇವರ ನ್ಯಾಯ, ಪ್ರಿಯರೇ. ಕೈತಪ್ಪಿ ಆದ ಹಾನಿಯನ್ನ ದೇವರು ಕಳ್ಳತನ ಅಂತ ಎಣಿಸೋದಿಲ್ಲ. ಆದರೆ ಮುಚ್ಚಿಟ್ಟು ಓಡಿ ಹೋದ್ರೆ, ಇನ್ನೊಬ್ಬನ ಹಣ ನನ್ನ ಜೇಬಲ್ಲಿ ಉಳಿದಂತೆ ಆಯ್ತು. ಲೈಟು ಒಡೆದಿದ್ದು ಆಕಸ್ಮಿಕ. ಓಡಿ ಹೋಗಿದ್ದು ತೀರ್ಮಾನ.

"ಪಾಸ್ಟರ್, ದೇವರ ಹತ್ತಿರ ಕ್ಷಮೆ ಕೇಳಿದೆ, ಸಾಕಲ್ವಾ?" ಅರಣ್ಯಕಾಂಡ 5:7 ಓದಿ. ತಪ್ಪು ಮಾಡಿದವನು ಅದನ್ನ ಅರಿಕೆ ಮಾಡಬೇಕು, ಪೂರ್ತಿ ತುಂಬಿಕೊಡಬೇಕು, ಅದರ ಮೇಲೆ ಐದರಲ್ಲಿ ಒಂದು ಪಾಲು ಸೇರಿಸಿ, ಯಾರಿಗೆ ನಷ್ಟವಾಯಿತೋ ಅವರಿಗೇ ಕೊಡಬೇಕು. ಬಾಯಿಯ ಅರಿಕೆ ಮತ್ತು ಕೈಯ ಪರಿಹಾರ ಎರಡೂ ಒಟ್ಟಿಗೆ ಹೋಗ್ತವೆ. ಯೇಸು ಸ್ವಾಮಿಯೂ ಮತ್ತಾಯ 5ರಲ್ಲಿ, ಕಾಣಿಕೆಯನ್ನ ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಸಹೋದರನ ಹತ್ತಿರ ಹೋಗು ಅಂದರು.

ಆದರೆ ಇದನ್ನ ಸುಲಭ ಅಂತ ನಾನು ಬೋಧಿಸೋದಿಲ್ಲ. ಒಪ್ಪಿಕೊಂಡ ಡ್ರೈವರ್‌ಗೆ ಸಂಬಳದಲ್ಲಿ ಹಣ ಕಟ್ ಆಗಬಹುದು, ಮುಂದಿನ ಟ್ರಿಪ್ ತಪ್ಪಬಹುದು, ಕೆಲಸವೇ ಹೋಗಬಹುದು. ಊರಲ್ಲಿ ಮಕ್ಕಳ ಫೀಸು ಕಾಯ್ತಿರುತ್ತೆ. ಅದಕ್ಕೇ ಎಷ್ಟೋ ಸಲ ತಪ್ಪು ಕ್ಲೀನರ್ ಹುಡುಗನ ತಲೆಗೆ ಬರುತ್ತೆ, ಅವನಿಗೆ ಎದುರು ಮಾತಾಡೋ ಶಕ್ತಿ ಇಲ್ಲ. ಕಡಿಮೆ ಸಂಬಳದವನ ಮೇಲೆ ಹೊರೆ ಹಾಕಿ ನಾವು ಉಳಿದುಕೊಳ್ಳೋದು ದೇವರ ಮುಂದೆ ಸಣ್ಣ ವಿಷಯ ಅಲ್ಲ.

ನಿಮ್ಮಲ್ಲಿ ಕೆಲವರು ಲಾಜಿಸ್ಟಿಕ್ಸ್ ಕಂಪನಿಗಳಲ್ಲಿ ಸೂಪರ್‌ವೈಸರ್, ಮ್ಯಾನೇಜರ್ ಆಗಿದ್ದೀರಿ. ನಿಮಗೂ ಒಂದು ಮಾತು. ನಿಜ ಹೇಳಿದವನಿಗೆ ದೊಡ್ಡ ದಂಡ, ಮುಚ್ಚಿಟ್ಟವನಿಗೆ ಏನೂ ಇಲ್ಲ ಅಂದ್ರೆ, ಸುಳ್ಳು ಕಲಿಸ್ತಾ ಇರೋರು ನೀವೇ. ಫಿಲೆಮೋನನಿಗೆ ಬರೆದ ಪತ್ರ ನೆನಪಿಸಿಕೊಳ್ಳಿ. ಒನೇಸಿಮನಿಂದ ಏನಾದರೂ ನಷ್ಟವಾಗಿದ್ರೆ ಅದನ್ನ ನನ್ನ ಲೆಕ್ಕಕ್ಕೆ ಹಾಕು ಅಂತ ಪೌಲ ಸ್ವಂತ ಕೈಯಿಂದ ಬರೆದ. ಆಗ ಅವನಿದ್ದದ್ದು ಸೆರೆಯಲ್ಲಿ! ಅವನು ನಷ್ಟವನ್ನ ಮುಚ್ಚಲಿಲ್ಲ, ಒನೇಸಿಮನನ್ನ ಕೈಬಿಡಲೂ ಇಲ್ಲ. ಕರ್ತನು ನಮ್ಮ ಸಾಲವನ್ನ ತನ್ನ ಮೇಲೆ ಹಾಕಿಕೊಂಡದ್ದೂ ಹಾಗೆಯೇ. ಹಲ್ಲೆಲೂಯಾ!

ಜಕ್ಕಾಯನನ್ನೂ ನೋಡಿ. ನಾಲ್ಕರಷ್ಟು ಕೊಡ್ತೀನಿ ಅಂದಿದ್ದಕ್ಕೆ ಯೇಸು ಅವನ ಮನೆಗೆ ಬಂದದ್ದಲ್ಲ. ಯೇಸು ಮೊದಲು ಅವನನ್ನ ಹೆಸರು ಹಿಡಿದು ಕರೆದರು, ಆಮೇಲೆ ಅವನ ಕೈ ಬಿಚ್ಚಿತು. ಪರಿಹಾರ ಕೊಟ್ಟು ನಾವು ರಕ್ಷಣೆ ಕೊಳ್ಳೋದಿಲ್ಲ. ರಕ್ಷಣೆ ಹೊಂದಿದವರು ಪರಿಹಾರ ಕೊಡ್ತಾರೆ.

ಅಮೆರಿಕದಲ್ಲಿ ಟ್ರಕ್ ಡ್ರೈವರ್‌ಗಳಿಗೆ 'ಗೋಲ್' ಅಂತ ಕಲಿಸ್ತಾರೆ: ಗೆಟ್ ಔಟ್ ಆಂಡ್ ಲುಕ್. ಅನುಮಾನ ಬಂದ್ರೆ ಗಾಡಿ ನಿಲ್ಲಿಸು, ಇಳಿ, ಹಿಂದೆ ಹೋಗಿ ನೋಡು. ಕನ್ನಡಿಯನ್ನ ಮಾತ್ರ ನಂಬಬೇಡ. ಕೀರ್ತನೆ 139ರ ಕೊನೆಯಲ್ಲಿ ದಾವೀದನೂ ಇದನ್ನೇ ಬೇಡಿದ. ನನಗೆ ಕಾಣದ ಕುರುಡು ಪಕ್ಕವನ್ನ ನೀನೇ ಶೋಧಿಸು, ಕರ್ತನೇ.

ಈ ವಾರ ಹೀಗೆ ಮಾಡಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಪಕ್ಕದ ಗಾಡಿಗೆ ತಗಲಿಸಿದ್ರೆ ನಿಲ್ಲಿಸಿ, ಇಳಿದು ನೋಡಿ. ಓನರ್ ಸಿಗದಿದ್ರೆ ಹೆಸರು, ನಂಬರ್ ಬರೆದ ಚೀಟಿ ವೈಪರ್ ಕೆಳಗೆ ಇಡಿ, ಸೆಕ್ಯುರಿಟಿ ಅಣ್ಣನಿಗೂ ಹೇಳಿ. ಆಫೀಸ್ ಗಾಡಿ ಆಗಿದ್ರೆ ಬೇರೆಯವರಿಂದ ತಿಳಿಯೋ ಮೊದಲು ನೀವೇ ತಿಳಿಸಿ. ಒಂದೇ ಸಲ ಕೊಡಕ್ಕಾಗದಿದ್ರೆ ಕಂತು ಕೇಳಿ. ಸಿಸಿಟಿವಿ ಇದೆಯಾ ಅಂತ ಮೇಲೆ ನೋಡಬೇಡಿ. ಇನ್ನೂ ಮೇಲೆ ನೋಡಿ.

ಪ್ರಾರ್ಥಿಸೋಣ. ಪವಿತ್ರಾತ್ಮ ದೇವರೇ, ಯಾರೂ ನೋಡದಾಗಲೂ ಗಾಡಿ ನಿಲ್ಲಿಸೋ ಧೈರ್ಯ ಕೊಡಿ. ಈ ರಾತ್ರಿ ದಾರಿಯಲ್ಲಿರೋ ಪ್ರತಿಯೊಬ್ಬ ಡ್ರೈವರ್, ಕ್ಲೀನರ್‌ನ ಕಾಪಾಡಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.