ವಾರಕ್ಕೆ 125 ಪೌಂಡಿನ ಗೆರೆ

ರೆಡಿಂಗ್‌ನಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಪುಟ್ಟ ಕಂಪನಿ ಬಾಗಿಲು ಹಾಕಿದಾಗ ನನ್ನ ಮುಂದೆ ಎರಡು ದಾರಿಗಳಿದ್ದವು. ಒಂದು, ಜಾಬ್‌ಸೀಕರ್ಸ್ ಅಲೋವನ್ಸ್ ಎಂಬ ನಿರುದ್ಯೋಗ ಭತ್ಯೆ. ಬ್ರಿಟನ್ನಿನಲ್ಲಿ ಹಿಂದಿನ ಎರಡು ಮೂರು ವರ್ಷ ಸಂಬಳದಿಂದ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದವರಿಗೆ ಇದು ಸಿಗುತ್ತದೆ. 25 ವರ್ಷ ದಾಟಿದವರಿಗೆ ವಾರಕ್ಕೆ 92.05 ಪೌಂಡ್, ಹೆಚ್ಚೆಂದರೆ 182 ದಿನ. ಇನ್ನೊಂದು, ಬೆಳಗಿನ ಜಾವ ಆಫೀಸುಗಳನ್ನು ಶುಚಿ ಮಾಡುವ ಕೆಲಸ. ಗಂಟೆಗೆ 12.21 ಪೌಂಡ್, ಅಂದರೆ ಕಾನೂನಿನ ಕನಿಷ್ಠ ಕೂಲಿ. (ಇಲ್ಲಿರುವ ಅಂಕಿಗಳೆಲ್ಲ 2025-26ರ ಹಣಕಾಸು ವರ್ಷದವು.)

ಭತ್ಯೆ ತೆಗೆದುಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ. ಅದು ನಮ್ಮದೇ ಸಂಬಳದಿಂದ ಕಟ್ಟಿದ ವಿಮೆ. ಕಾಯಿಲೆ ಬಿದ್ದವರು, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ತಮಗೆ ಸಲ್ಲುವ ನೆರವನ್ನು ಸಂಕೋಚವಿಲ್ಲದೆ ಕೇಳಬೇಕು. ನನಗೆ ಮೈಯಲ್ಲಿ ಶಕ್ತಿ ಇತ್ತು, ಮನೆ ಬಾಡಿಗೆಯ ಚಿಂತೆಯೂ ಇತ್ತು. ಗಂಡನ ಸಂಬಳ ಲೆಕ್ಕಕ್ಕೆ ಬರುವುದರಿಂದ ಯೂನಿವರ್ಸಲ್ ಕ್ರೆಡಿಟ್ ಎಂಬ, ಮನೆಯ ಆದಾಯ ನೋಡಿ ಕೊಡುವ ಸರ್ಕಾರಿ ನೆರವು ನಮಗೆ ಸಿಗುವಂತಿರಲಿಲ್ಲ. ಹಾಗಾಗಿ ಕೆಲಸವನ್ನೇ ಹಿಡಿದೆ.

ಊರಿನಿಂದ ಅವ್ವ ಫೋನಿನಲ್ಲಿ, "ಅಲ್ಲವ್ವಾ, ಬಿ.ಕಾಂ. ಓದಿಸಿದ್ದು ಮಂದಿ ಕಕ್ಕಸು ತೊಳೀಲಿ ಅಂತೇನು?" ಎಂದು ಕಣ್ಣೀರು ಹಾಕಿದಳು. ಪ್ರತಿ ಸೋಮವಾರ ವಚನ ಓದದೆ ಊಟ ಮಾಡುವವಳಲ್ಲ ಅವಳು. "ಸತ್ಯಕ್ಕನ ಕಾಯಕ ಯಾವುದಿತ್ತವ್ವಾ?" ಎಂದೆ. ಶರಣರ ಅಂಗಳ ಗುಡಿಸುವುದೇ ಸತ್ಯಕ್ಕನ ಕಾಯಕವಾಗಿತ್ತು ಎಂಬುದನ್ನು ಚಿಕ್ಕಂದಿನಲ್ಲಿ ನನಗೆ ಹೇಳಿಕೊಟ್ಟವಳೇ ಅವಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೈಗೆ ಗ್ಲೌಸ್ ಹಾಕ್ಕೋ" ಎಂದಳು.

ಕಂಪನಿ ನನಗೆ ಮೊದಲು ಹೇಳಿದ್ದು ದಿನಕ್ಕೆ ಎರಡು ಗಂಟೆ, ವಾರಕ್ಕೆ ಹತ್ತು ಗಂಟೆಯ ಕೆಲಸ. ಗುಣಿಸಿದರೆ 122.10 ಪೌಂಡ್. ಭತ್ಯೆಗಿಂತ ಹೆಚ್ಚೇ. ಆದರೂ ಲೆಕ್ಕ ಬರೆದು ಅಭ್ಯಾಸವಾದ ನನಗೆ ಈ ಮೊತ್ತ ಕಸಿವಿಸಿ ಮಾಡಿತು. ಒಬ್ಬ ಮಾಲೀಕರ ಕೈಕೆಳಗೆ ವಾರಕ್ಕೆ 125 ಪೌಂಡ್ ಮುಟ್ಟಿದರೆ ಮಾತ್ರ ಆ ವಾರ ನಮ್ಮ ನ್ಯಾಷನಲ್ ಇನ್ಶೂರೆನ್ಸ್ ಖಾತೆಯಲ್ಲಿ ದಾಖಲಾಗುತ್ತದೆ. 125ರಿಂದ 242 ಪೌಂಡಿನವರೆಗೆ ದುಡಿದರೆ ನಮ್ಮ ಕೈಯಿಂದ ಒಂದು ಪೆನ್ನಿಯನ್ನೂ ಕಟ್ಟಬೇಕಿಲ್ಲ, ಆದರೂ ಕಟ್ಟಿದಂತೆಯೇ ಲೆಕ್ಕ. ವೃದ್ಧಾಪ್ಯದ ಸರ್ಕಾರಿ ಪಿಂಚಣಿ ನಿಂತಿರುವುದು ಈ ಖಾತೆಯ ಮೇಲೆ. ಹತ್ತು ಗಂಟೆಗೆ ಮೂರು ಪೌಂಡಿನಷ್ಟು ಕಡಿಮೆ ಬೀಳುತ್ತಿತ್ತು.

ಸೂಪರ್‌ವೈಸರ್ ಬಳಿ ಹೋಗಿ ಇನ್ನೊಂದು ಮಹಡಿಯನ್ನೂ ನನಗೇ ಕೊಡಿ ಎಂದು ಕೇಳಿದೆ. ಬೆಳಿಗ್ಗೆ ಐದರಿಂದ ಎಂಟು, ವಾರಕ್ಕೆ 15 ಗಂಟೆ, 183.15 ಪೌಂಡ್ ಎಂದು ನಿಗದಿಯಾಯಿತು. ಮೇಜು ಒರೆಸುವುದು, ಬಿನ್ ಚೀಲ ಬದಲಿಸುವುದು, ಕಾರ್ಪೆಟ್ಟಿಗೆ ಹೂವರ್ ಹೊಡೆಯುವುದು, ಟಾಯ್ಲೆಟ್ ತೊಳೆಯುವುದು. ಮೊದಲ ವಾರಗಳಲ್ಲಿ ಸೊಂಟ ಹಿಡಿದುಕೊಂಡಿತು. ಎಂಟಕ್ಕೆ ಮನೆಗೆ ಹೊರಟರೆ ಉಳಿದ ದಿನವೆಲ್ಲ ಬೇರೆ ಕೆಲಸಕ್ಕೆ ಅರ್ಜಿ ಹಾಕಲು, ಸಂದರ್ಶನಕ್ಕೆ ಹೋಗಲು ಸಿಗುತ್ತಿತ್ತು.

ನಮ್ಮವರು ಹೆಚ್ಚು ಕಳೆದುಕೊಳ್ಳುವುದು ಈ ಗೆರೆಯ ಹತ್ತಿರವೇ. ನನ್ನ ಜೊತೆ ದುಡಿಯುತ್ತಿದ್ದ ಒಬ್ಬಾಕೆ ಎರಡು ಕಂಪನಿಗಳಲ್ಲಿ ಎಂಟೆಂಟು ಗಂಟೆ ಮಾಡುತ್ತಿದ್ದಳು. ಅಲ್ಲಿ 97.68, ಇಲ್ಲಿ 97.68. ಕೈಗೆ ಬರುತ್ತಿದ್ದುದು ನನಗಿಂತ ಹೆಚ್ಚು. ಆದರೆ ಎರಡು ಕಡೆಯ ಕೂಲಿಯನ್ನು ಈ ಲೆಕ್ಕಕ್ಕೆ ಕೂಡಿಸುವುದಿಲ್ಲ, ಹಾಗಾಗಿ ಅವಳ ಖಾತೆಯಲ್ಲಿ ಆ ವರ್ಷ ಖಾಲಿ. ಭತ್ಯೆಯ ಮೇಲಿದ್ದಿದ್ದರೆ ಆ ವಾರಗಳಾದರೂ ಜಮಾ ಆಗುತ್ತಿದ್ದವು! ಭತ್ಯೆ ಬಿಟ್ಟು ಮೈಮುರಿದು ದುಡಿದವಳಿಗೆ ಖಾತೆಯಲ್ಲಿ ಸೊನ್ನೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಕಾನೂನು ಬದಲಾಗುವವರೆಗೆ ಒಂದೇ ಕಡೆ ಕನಿಷ್ಠ 11 ಗಂಟೆ ಕೇಳಿ ಪಡೆಯಿರಿ. ಹನ್ನೆರಡು ವರ್ಷದೊಳಗಿನ ಮಗುವಿಗೆ ಚೈಲ್ಡ್ ಬೆನಿಫಿಟ್ ಎಂಬ ಮಕ್ಕಳ ಭತ್ಯೆ ನಿಮ್ಮ ಹೆಸರಿನಲ್ಲಿದ್ದರೆ ಈ ಚಿಂತೆ ಬೇಡ, ಆ ವರ್ಷಗಳು ತಾವೇ ಸೇರುತ್ತವೆ.

ಒಂದು ವರ್ಷದ ಬೆಲೆ ಎಷ್ಟು? ಪೂರ್ಣ ಪಿಂಚಣಿ ವಾರಕ್ಕೆ 230.25 ಪೌಂಡ್, ಅದಕ್ಕೆ 35 ವರ್ಷದ ದಾಖಲೆ ಬೇಕು. ಭಾಗಿಸಿದರೆ ಒಂದೊಂದು ವರ್ಷಕ್ಕೆ ವಾರಕ್ಕೆ ಸುಮಾರು ಆರೂವರೆ ಪೌಂಡ್, ವರ್ಷಕ್ಕೆ 342. ಅದು ಜೀವ ಇರುವವರೆಗೂ ಬರುತ್ತದೆ. ದಾಖಲೆ ಹತ್ತು ವರ್ಷಕ್ಕಿಂತ ಕಡಿಮೆಯಿದ್ದರೆ ಏನೂ ಸಿಗದು. ಕೊನೆಗಾಲಕ್ಕೆ ಊರಿಗೆ ಮರಳುವ ಯೋಚನೆ ಇದ್ದವರು ಇನ್ನೊಂದು ಮಾತು ತಿಳಿದಿರಲಿ: ಭಾರತದಲ್ಲಿ ನೆಲೆಸಿದವರಿಗೆ ಈ ಪಿಂಚಣಿ ಬರುತ್ತದೆ, ಆದರೆ ವರ್ಷವರ್ಷದ ಏರಿಕೆ ಸಿಗುವುದಿಲ್ಲ.

ರಜೆಯನ್ನೂ ಬಿಡಬೇಡಿ. ಪಾರ್ಟ್‌ಟೈಮ್ ಕೆಲಸದವರಿಗೂ ವರ್ಷಕ್ಕೆ 5.6 ವಾರ ಸಂಬಳ ಸಹಿತ ರಜೆ ಇದೆ. ನನ್ನ 15 ಗಂಟೆಗೆ ಅದು 84 ಗಂಟೆ, ಸಾವಿರ ಪೌಂಡಿಗೂ ಮೇಲೆ. ವರ್ಷಕ್ಕೆ 6,240ರಿಂದ 10,000 ಪೌಂಡಿನ ನಡುವೆ ದುಡಿಯುವವರು ಕಂಪನಿಯ ಪಿಂಚಣಿಗೆ ಸೇರುತ್ತೇನೆಂದು ಬರೆದುಕೊಟ್ಟರೆ ಮಾಲೀಕ ಇಲ್ಲವೆನ್ನುವಂತಿಲ್ಲ, ತನ್ನ ಪಾಲನ್ನೂ ಹಾಕಬೇಕು. ಕೇಳದಿದ್ದರೆ ಯಾರೂ ಸೇರಿಸುವುದಿಲ್ಲ. ಪೇಸ್ಲಿಪ್ ಇಲ್ಲದೆ ನೋಟು ಎಣಿಸಿ ಕೊಡುವ ಕೆಲಸವನ್ನು, ಕೂಲಿ ಎಷ್ಟೇ ಇರಲಿ, ಒಪ್ಪಬೇಡಿ.

ಆ ಗೆಳತಿ ಈಗ ಒಂದು ಶಾಲೆಯಲ್ಲಿ ಒಂದೇ ಪಾಳಿ ಹಿಡಿದಿದ್ದಾಳೆ. ಖಾಲಿ ಬಿದ್ದ ವರ್ಷವನ್ನು ಆರು ವರ್ಷದೊಳಗೆ ದುಡ್ಡು ಕಟ್ಟಿ ತುಂಬಬಹುದು. 2025-26ರ ದರ ವಾರಕ್ಕೆ 17.75 ಪೌಂಡ್, ಇಡೀ ವರ್ಷಕ್ಕೆ 923. ಪಿಂಚಣಿ ಶುರುವಾದ ಮೂರು ವರ್ಷದೊಳಗೆ ಅಷ್ಟೂ ವಾಪಸು ಬರುತ್ತದೆ. ರಜೆಯ ಸಂಬಳವನ್ನು ಅದಕ್ಕೆಂದೇ ಎತ್ತಿಟ್ಟಿದ್ದಾಳೆ.