ಮಳೆಯ ಬದಲಾವಣೆ ಮತ್ತು ನದಿಯ ಪಾತ್ರ: ಕೂವಂ ನದಿಯ ನಿದರ್ಶನ

ನದಿಯ ಪಾತ್ರವು ಶಾಶ್ವತವಾದುದಲ್ಲ. ಹರಿಯುವ ನೀರು ಹಾಗೂ ಅದು ಹೊತ್ತು ತರುವ ಮರಳು, ಮೆಕ್ಕಲುಮಣ್ಣುಗಳಿಗೆ ಅನುಗುಣವಾಗಿ ನದಿಯು ತನ್ನ ಪಾತ್ರದ ಅಗಲವನ್ನೂ ಆಳವನ್ನೂ ತಾನೇ ರೂಪಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದೆರಡು ವರ್ಷಗಳಿಗೊಮ್ಮೆ ಬರುವ ಪ್ರವಾಹವನ್ನು ದಡ ಮೀರದಂತೆ ಸಾಗಿಸುವಷ್ಟೇ ಅದರ ಸಾಮರ್ಥ್ಯ. ಅದಕ್ಕಿಂತ ಹೆಚ್ಚು ನೀರು ಬಂದಾಗ ಇಕ್ಕೆಲಗಳ ತಗ್ಗು ಬಯಲಿನಲ್ಲಿ ಹರಡಿಕೊಳ್ಳುತ್ತದೆ. ಆದುದರಿಂದ ಆ ಬಯಲೂ ನದಿಯ ಅಂಗವೇ ಆಗಿದೆ.

ಚೆನ್ನೈ ನಗರದ ತ್ರಿಪ್ಲಿಕೇನ್ ಬಡಾವಣೆಯ ಸಮೀಪದಲ್ಲಿ ಸಮುದ್ರವನ್ನು ಸೇರುವ ಕೂವಂ ನದಿಯು ಈ ವಿಷಯವನ್ನು ಅರಿಯಲು ಉತ್ತಮ ನಿದರ್ಶನ. 'ತಿರುವಲ್ಲಿಕೇಣಿ' ಎಂಬ ಈ ಬಡಾವಣೆಯ ತಮಿಳು ಹೆಸರಿಗೆ ನೈದಿಲೆಯ ಪವಿತ್ರ ಕೊಳ ಎಂದರ್ಥ. ಕರ್ನಾಟಕದ ಬಹುತೇಕ ನದಿಗಳಿಗೆ ಮುಂಗಾರು ಮಳೆ ಆಧಾರವಾದರೆ, ಕೂವಂ ನದಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಮಳೆಯೇ ಮುಖ್ಯ ಆಧಾರ. ಉಳಿದ ತಿಂಗಳುಗಳಲ್ಲಿ ಅದರ ಸ್ವಾಭಾವಿಕ ಹರಿವು ಅತ್ಯಲ್ಪ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಲ್ಲಿ ಬಂದರನ್ನು ನಿರ್ಮಿಸಲಾಯಿತು. ತೀರದುದ್ದಕ್ಕೂ ಉತ್ತರಾಭಿಮುಖವಾಗಿ ಸಾಗುತ್ತಿದ್ದ ಮರಳು ಬಂದರಿನ ದಕ್ಷಿಣಕ್ಕೆ ಶೇಖರವಾಗತೊಡಗಿತು. ಇದರಿಂದ ಮರೀನಾ ಕಡಲತೀರವು ವಿಸ್ತಾರಗೊಂಡಿತು. ಆದರೆ ಅದೇ ಮರಳು ಕೂವಂ ನದಿಯ ಅಳಿವೆಯನ್ನೂ ಮುಚ್ಚತೊಡಗಿತು. ಹರಿವು ಬಲವಾಗಿದ್ದರೆ ನದಿಯೇ ಮರಳದಿಣ್ಣೆಯನ್ನು ಕೊಚ್ಚಿ ದಾರಿ ಮಾಡಿಕೊಳ್ಳುತ್ತದೆ. ಕ್ಷೀಣಿಸಿದರೆ ಬಾಯಿ ಕಟ್ಟಿ, ಹೂಳು ತಳದಲ್ಲಿಯೇ ಉಳಿಯುತ್ತದೆ. 1870ರ ದಶಕದ ಕ್ಷಾಮಕಾಲದಲ್ಲಿ ಅಡ್ಯಾರ್ ಮತ್ತು ಕೂವಂ ನದಿಗಳನ್ನು ಜೋಡಿಸಲು ತೋಡಿದ ಬಕಿಂಗ್‌ಹ್ಯಾಂ ಕಾಲುವೆಯೂ ತ್ರಿಪ್ಲಿಕೇನ್ ಮೂಲಕವೇ ಹಾದುಹೋಗುತ್ತದೆ. 1990ರ ದಶಕದಲ್ಲಿ ಮೇಲುರೈಲು ಮಾರ್ಗದ ಕಂಬಗಳು ಕಾಲುವೆಯ ಪಾತ್ರದಲ್ಲಿಯೇ ನಿಂತುದರಿಂದ ನೀರಿನ ದಾರಿ ಮತ್ತಷ್ಟು ಕಿರಿದಾಯಿತು.

ಹವಾಮಾನದ ಬದಲಾವಣೆಯು ಈ ಸಮಸ್ಯೆಯನ್ನು ತೀವ್ರಗೊಳಿಸುತ್ತದೆ. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ವಾಯುವು ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವಾಂಶವನ್ನು ಹಿಡಿದಿಡಬಲ್ಲದು. ಆದುದರಿಂದ ಸುರಿದಾಗ ಮಳೆಯು ಅಲ್ಪಾವಧಿಯಲ್ಲಿ ಭಾರಿಯಾಗಿ ಸುರಿಯುವ ಸಂಭವ ಹೆಚ್ಚು. 2015ರ ಡಿಸೆಂಬರ್ 1-2ರಂದು ಚೆನ್ನೈ ಹೊರವಲಯದ ತಾಂಬರಂನಲ್ಲಿ 24 ಗಂಟೆಗಳಲ್ಲಿ ಸುಮಾರು 49 ಸೆಂಟಿಮೀಟರ್ ಮಳೆಯಾಯಿತು. ಅಡ್ಯಾರ್, ಕೂವಂ ನದಿಗಳೆರಡೂ ಉಕ್ಕಿದವು. ದಡದ ಗುಡಿಸಲುವಾಸಿಗಳು ಮೊದಲಿಗೆ ನಿರಾಶ್ರಿತರಾದರು. ನಾಲ್ಕೇ ವರ್ಷಗಳ ಅನಂತರ, 2019ರ ಬೇಸಿಗೆಯಲ್ಲಿ, ಅದೇ ನಗರದ ಜಲಾಶಯಗಳು ಬಹುಮಟ್ಟಿಗೆ ಬತ್ತಿಹೋದವು. ಬರದಲ್ಲಿ ಹೂಳು ತುಂಬಿ ಕಿರಿದಾದ ಪಾತ್ರಕ್ಕೆ ನೆರೆ ಒಮ್ಮೆಲೇ ನುಗ್ಗುವುದು ಇಂತಹ ನದಿಗಳ ಮುಖ್ಯ ಅಪಾಯ. ಸಮುದ್ರಮಟ್ಟದ ಏರಿಕೆಯಿಂದ, ಉಬ್ಬರದ ವೇಳೆ ನೆರೆನೀರು ಹೊರಹೋಗುವುದು ಮತ್ತಷ್ಟು ನಿಧಾನವಾಗುತ್ತದೆ.

ಮಳೆಯನ್ನು ನಿಯಂತ್ರಿಸುವುದು ನಮ್ಮ ಕೈಯಲ್ಲಿಲ್ಲ. ನೀರಿಗೆ ದಾರಿ ಬಿಡುವುದು ಸಾಧ್ಯ. ಹಿಂಗಾರಿಗೆ ಮುನ್ನ ಅಳಿವೆಯ ಮರಳನ್ನೂ ಕಾಲುವೆಗಳ ಹೂಳನ್ನೂ ತೆಗೆಯುವುದು, ಕೆರೆಕುಂಟೆಗಳನ್ನು ಉಳಿಸಿಕೊಳ್ಳುವುದು, ಚರಂಡಿಗೆ ಕಸ ಸುರಿಯದಿರುವುದು, ನದಿಯ ಬಯಲಿನಲ್ಲಿ ಹೊಸ ಕಟ್ಟಡಗಳನ್ನು ಕಟ್ಟದಿರುವುದು ಆವಶ್ಯಕ. ಈಗಾಗಲೇ ದಡದಲ್ಲಿ ನೆಲೆಸಿರುವ ಬಡವರಿಗೆ ಅವರ ದುಡಿಮೆಯ ಸ್ಥಳಕ್ಕೆ ಸಮೀಪದಲ್ಲಿಯೇ ಸುರಕ್ಷಿತ ವಸತಿ ದೊರೆಯಬೇಕಾದುದೂ ಅಷ್ಟೇ ಮುಖ್ಯ.