ಗುರುವಿನ ಮಾತು ನಮ್ಮ ಮಾತಾಗುವುದು ಯಾವಾಗ?

☸️ *ಇಂದಿನ ಧಮ್ಮ ಚಿಂತನೆ* ☸️



“ನೀವು ಯಾಕೆ ಬೌದ್ಧರಾದಿರಿ?” ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಅನೇಕರು “ಬಾಬಾಸಾಹೇಬರು ದಾರಿ ತೋರಿಸಿದರು, ಬಂದೆವು” ಎನ್ನುತ್ತೇವೆ. ಈ ಮಾತಿನಲ್ಲಿ ಕೃತಜ್ಞತೆ ಇದೆ, ಅದು ಇರಲೇಬೇಕು. ಆದರೆ ಮಗುವಿನ ಜ್ವರ ನಾಲ್ಕು ದಿನವಾದರೂ ಇಳಿಯದೆ, “ಮನೆದೇವರನ್ನು ಬಿಟ್ಟಿರಲ್ಲ, ಅದಕ್ಕೇ ಹೀಗಾಯ್ತು” ಎಂದು ನೆಂಟರು ಹೇಳಿದ ದಿನ, ಅಷ್ಟು ಮಾತು ಸಾಕಾಗುತ್ತದೆಯೇ? ಗುರುವಿನಿಂದ ಕೇಳಿದ್ದು ನಮ್ಮ ಸ್ವಂತ ತಿಳಿವಳಿಕೆ ಆಗಿದ್ದರೆ ಮಾತ್ರ ಆ ದಿನ ಕಾಲು ನಡುಗುವುದಿಲ್ಲ.

*1. ಕಾಲಾಮರ ಪ್ರಶ್ನೆ*

ಅಂಗುತ್ತರ ನಿಕಾಯದಲ್ಲಿ ಈ ಪ್ರಸಂಗ ಬರುತ್ತದೆ. ಕೇಸಪುತ್ತ ಎಂಬ ಊರಿಗೆ ಒಬ್ಬರಾದ ಮೇಲೆ ಒಬ್ಬರು ಗುರುಗಳು ಬರುತ್ತಿದ್ದರು. ತಮ್ಮ ಮತವನ್ನು ಹೊಗಳಿ, ಬೇರೆಯವರದನ್ನು ತೆಗಳಿ ಹೋಗುತ್ತಿದ್ದರು. ಇವರಲ್ಲಿ ಯಾರ ಮಾತು ನಿಜ ಎಂದು ಆ ಊರಿನ ಕಾಲಾಮರು ಬುದ್ಧರನ್ನು ಕೇಳಿದರು. ಅನುಮಾನ ಬಂದದ್ದು ಸಹಜವೇ ಎಂದು ಬುದ್ಧರು ಒಪ್ಪಿಕೊಂಡರು. ನಂತರ, ಯಾವ ಯಾವ ಕಾರಣಕ್ಕೆ ಒಂದು ಮಾತನ್ನು ಸುಮ್ಮನೆ ಒಪ್ಪಬಾರದು ಎಂದು ಹತ್ತನ್ನು ಎಣಿಸಿ ಹೇಳಿದರು. ಪರಂಪರೆ, ವದಂತಿ, ಗ್ರಂಥ, ಬರಿಯ ತರ್ಕ ಎಲ್ಲವೂ ಆ ಪಟ್ಟಿಯಲ್ಲಿವೆ. ಹತ್ತನೆಯದು, “ಈ ಶ್ರಮಣರು ನಮ್ಮ ಗುರುಗಳು” ಎಂಬ ಕಾರಣ. ಹೀಗೆ ಹೇಳಿದವರು ಸ್ವತಃ ಶ್ರಮಣರು, ಗುರುಗಳು ಎಂಬುದನ್ನು ಗಮನಿಸಿ.

ಹಾಗಾದರೆ ಮನಸ್ಸಿಗೆ ಬಂದಂತೆ ನಂಬಬಹುದೇ? ಇಲ್ಲ. ಬುದ್ಧರು ಒಂದು ಅಳತೆಗೋಲನ್ನೂ ಕೊಟ್ಟರು. ಈ ಮಾತಿನಂತೆ ನಡೆದರೆ ಲೋಭ, ದ್ವೇಷ, ಮೋಹ ಹೆಚ್ಚುತ್ತವೆಯೇ, ಕಡಿಮೆಯಾಗುತ್ತವೆಯೇ? ನನಗೂ ಇತರರಿಗೂ ಕೇಡೋ, ಹಿತವೋ? ತಿಳಿದವರು ಇದನ್ನು ಮೆಚ್ಚುತ್ತಾರೆಯೇ? ಮಜ್ಝಿಮ ನಿಕಾಯದ ವೀಮಂಸಕ ಸುತ್ತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಶಿಷ್ಯನು ತಥಾಗತರನ್ನೇ ಕಣ್ಣಾರೆ ನೋಡಿ, ಕಿವಿಯಾರೆ ಕೇಳಿ ಪರೀಕ್ಷಿಸಬೇಕು ಎನ್ನುತ್ತದೆ.

*2. ಬಾಬಾಸಾಹೇಬರು ಶಿಷ್ಯರಾಗಿದ್ದ ರೀತಿ*

ಬುದ್ಧ, ಕಬೀರ, ಜೋತಿಬಾ ಫುಲೆ ತಮ್ಮ ಮೂವರು ಗುರುಗಳು ಎಂದು ಬಾಬಾಸಾಹೇಬರು ಹೇಳಿದ್ದಾರೆ. ತಂದೆ ರಾಮ್‌ಜಿ ಸಕ್ಪಾಲ್ ಕಬೀರಪಂಥಿಗಳು. ಅವರು ಮಕ್ಕಳಿಂದ ರಾಮಾಯಣ, ಮಹಾಭಾರತಗಳನ್ನೂ ಓದಿಸುತ್ತಿದ್ದರು. ನಮ್ಮನ್ನು ಕೀಳಾಗಿ ಕಾಣುವ ಪುಸ್ತಕಗಳನ್ನು ನಾವೇಕೆ ಓದಬೇಕು ಎಂದು ಬಾಲಕ ಭೀಮರಾವ್ ತಂದೆಯನ್ನೇ ಕೇಳಿದರು. ತಂದೆಯ ಉತ್ತರದಿಂದ ಅವರಿಗೆ ಸಮಾಧಾನವಾಗಲಿಲ್ಲ. ಅದೇ ದಿನಗಳಲ್ಲಿ ಕೇಳುಸ್ಕರ್ ಗುರೂಜಿ ತಾವು ಮರಾಠಿಯಲ್ಲಿ ಬರೆದ ಬುದ್ಧ ಚರಿತ್ರೆಯನ್ನು ಅವರ ಕೈಗಿಟ್ಟರು. ಆ ಪುಸ್ತಕ ಅವರ ಮನಸ್ಸಿನಲ್ಲಿ ಉಳಿಯಿತು.

ಆದರೂ ಅವರು ಅವಸರಪಡಲಿಲ್ಲ. ಹಿಂದೂವಾಗಿ ಸಾಯುವುದಿಲ್ಲ ಎಂದು ಯೇವಲಾದಲ್ಲಿ ಘೋಷಿಸಿದ್ದು 1935ರ ಅಕ್ಟೋಬರ್ 13ರಂದು. ನಾಗಪುರದಲ್ಲಿ ಭಿಕ್ಖು ಚಂದ್ರಮಣಿ ಅವರಿಂದ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷಗಳ ಓದು, ಹೋಲಿಕೆ, ವಿಚಾರ ಇದೆ. ಬೌದ್ಧ ಪರಂಪರೆ ಹೇಳಿದ್ದನ್ನೆಲ್ಲ ಅವರು ಹಾಗೆಯೇ ಒಪ್ಪಲಿಲ್ಲ. ಮುದುಕ, ರೋಗಿ, ಶವವನ್ನು ಕಂಡು ಸಿದ್ಧಾರ್ಥ ಮನೆ ಬಿಟ್ಟ ಎಂಬ ಕಥೆ ಬುದ್ಧಿಗೆ ಒಪ್ಪುವುದಿಲ್ಲ ಎಂದು, ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಬಂದ ಜಗಳವನ್ನು ಕಾರಣವಾಗಿ ಮುಂದಿಟ್ಟರು. ಗುರುವಿನ ಮೇಲಿನ ಗೌರವ ಅವರ ಪ್ರಶ್ನೆಗಳನ್ನು ನಿಲ್ಲಿಸಲಿಲ್ಲ. ಬುದ್ಧರು ಮಾರ್ಗದಾತರು, ಮೋಕ್ಷದಾತರಲ್ಲ ಎಂದು ಅವರು ವಿವರಿಸಿದ್ದೂ ಇದೇ ಅರ್ಥದಲ್ಲಿ. ದಾರಿ ತೋರಿಸಬಹುದು, ನಮ್ಮ ಬದಲು ನಡೆಯಲಾಗದು.

*3. ನಮ್ಮ ಮನೆಯಲ್ಲಿ*

ಮಕ್ಕಳು ಕೇಳುತ್ತಾರೆ: “ದೇವರ ಪಟ ತೆಗೆದು ಬಾಬಾಸಾಹೇಬರ ಪಟ ಇಟ್ಟಿದ್ದೀರಿ. ಊದುಬತ್ತಿ ಮಾತ್ರ ಅದೇ. ಏನು ವ್ಯತ್ಯಾಸ ಅಪ್ಪಾ?” ದಯವಿಟ್ಟು ಗದರಬೇಡಿ. ಇದು ಕಾಲಾಮರು ಕೇಳಿದಂಥ ಪ್ರಶ್ನೆ. ನಾವು ಆ ಪಟದ ಮುಂದೆ ಪರೀಕ್ಷೆ ಪಾಸು ಮಾಡಿಸು, ಕೆಲಸ ಕೊಡಿಸು ಎಂದು ಬೇಡುತ್ತಿದ್ದರೆ ಮಗು ಹೇಳಿದ್ದೇ ಸರಿ. ಕೃತಜ್ಞತೆಯಿಂದ ಕೈಮುಗಿದು, ಅವರ ಪುಸ್ತಕದ ಎರಡು ಪುಟ ಓದಿ ಎದ್ದರೆ ವ್ಯತ್ಯಾಸ ಮಗುವಿಗೇ ಕಾಣುತ್ತದೆ.

ಪರೀಕ್ಷೆ ಎಂದರೆ ಬರೀ ವಾದವಲ್ಲ, ಆಚರಿಸಿ ನೋಡುವುದು. ಮದ್ಯ ಮುಟ್ಟುವುದಿಲ್ಲ ಎಂಬುದು ಪಂಚಶೀಲದಲ್ಲೂ ಇದೆ, 22 ಪ್ರತಿಜ್ಞೆಗಳಲ್ಲೂ ಇದೆ. ಗುರು ಹೇಳಿದರು ಎಂದು ಬಿಟ್ಟವನು ಹಬ್ಬದ ದಿನ ಗೆಳೆಯರ ಒತ್ತಾಯಕ್ಕೆ ಮಣಿಯಬಹುದು. ಬಿಟ್ಟ ಮೇಲೆ ಕೂಲಿ ಹಣ ಪೂರ್ತಿ ಮನೆಗೆ ಬಂದದ್ದನ್ನು, ಹೆಂಡತಿ ಮಕ್ಕಳ ಮುಖದಲ್ಲಿ ಭಯ ಹೋದದ್ದನ್ನು ಕಂಡವನು ಸುಲಭಕ್ಕೆ ಮಣಿಯುವುದಿಲ್ಲ. ಆ ಶೀಲ ಈಗ ಅವನದೇ. ಹಾಗೆಯೇ, ಎಲ್ಲಕ್ಕೂ ಕಾರಣವಿದೆ ಎಂಬುದನ್ನು ತಿಳಿದ ತಾಯಿ, ಜ್ವರ ಬಂದ ಮಗುವನ್ನು ಧೈರ್ಯವಾಗಿ ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ಮನೆದೇವರ ಮಾತು ಅವಳನ್ನು ಹೆದರಿಸದು.

🪷 *ಇಂದಿನ ಅಭ್ಯಾಸ:* 22 ಪ್ರತಿಜ್ಞೆಗಳಲ್ಲಿ ಒಂದನ್ನು ಆರಿಸಿಕೊಳ್ಳಿ. “ಬಾಬಾಸಾಹೇಬರು ಹೇಳಿದರು” ಎಂಬ ಮಾತನ್ನು ಬಳಸದೆ, ಅದು ಯಾಕೆ ಸರಿ ಎಂದು ಮನೆಯವರಿಗೆ ನಾಲ್ಕು ವಾಕ್ಯದಲ್ಲಿ ವಿವರಿಸಿ. ವಿವರಿಸಲು ಬಾರದಿದ್ದರೆ ಬೇಸರ ಬೇಡ. ಎಲ್ಲಿಂದ ಓದಲು ಶುರು ಮಾಡಬೇಕು ಎಂಬುದು ಗೊತ್ತಾಯಿತು.

ಎಲ್ಲರಿಗೂ ಮಂಗಳವಾಗಲಿ.
*ಜೈ ಭೀಮ್. ನಮೋ ಬುದ್ಧಾಯ.* 🙏